ಬಲಗಡೆಯ ಹೂ

ಪುಸ್ತಕವನ್ನು ಕನ್ನಡಕ್ಕೆ ತರಲು ಬರೆದವರ ಅನುಮತಿ ಬೇಕು ಎಂದಾಗ ನಮ್ಮವ್ವನಿಗೆ ಅದು ತಕ್ಷಣ ಅರ್ಥವಾಯಿತು. ಮದುವೆಯಿರಲಿ, ಬೋರ್‌ವೆಲ್ಲಿರಲಿ, ನಮ್ಮ ಮನೆಯಲ್ಲಿ ಮೊದಲು ದೇವರ ಅಪ್ಪಣೆ ಕೇಳುತ್ತಾರೆ. ವಿಗ್ರಹದ ಬಲಗಡೆಯಿಂದ ಹೂ ಬಿದ್ದರೆ ಒಪ್ಪಿಗೆ ಸಿಕ್ಕಂತೆ. ಅಂದಿನಿಂದ ನಾನು ಶಾಲೆಯಲ್ಲಿ ಪಾಠ ಮುಗಿಸಿ ಚಿತ್ತವಾಡ್ಗಿಯ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅವ್ವ ಕೇಳುತ್ತಿದ್ದಳು.

"ಹೂ ಬಿತ್ತೇನವಾ?"

"ಇನ್ನಾ ಇಲ್ಲಬೇ. ದಿನಾ ಕೇಳಬ್ಯಾಡ."

ಆ ಪುಸ್ತಕ ಬೇಕಾಗಿದ್ದುದು ಎಮ್ಮಿಗನೂರಿನಲ್ಲಿರುವ ನನ್ನ ತಂಗಿಗೆ. ಅವಳ ಮಗಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ನಾಲ್ಕು ವರ್ಷವಾದರೂ ಕೂಸು ಏನನ್ನೂ ಮುಟ್ಟುತ್ತಿರಲಿಲ್ಲ. ಎರಡೂ ಮುಷ್ಟಿಗಳನ್ನು ಎದೆಗೊತ್ತಿಕೊಂಡು ಕೂತಿರುತ್ತಿತ್ತು. ಅಂಥ ಮಕ್ಕಳ ತಾಯಂದಿರಿಗೆಂದೇ ಬರೆದ ಇಂಗ್ಲಿಷ್ ಪುಸ್ತಕವೊಂದು ನನಗೆ ಸಿಕ್ಕಿತ್ತು. ತಂಗಿಗೆ ಇಂಗ್ಲಿಷ್ ಬಾರದು. ಅನುವಾದ ಮಾಡಿಕೊಟ್ಟರೆ ಅಚ್ಚು ಹಾಕಿಸಿ ಬೇರೆ ತಾಯಂದಿರಿಗೂ ಹಂಚುತ್ತೇವೆ, ಆದರೆ ಅನುಮತಿಯಿಲ್ಲದೆ ಒಂದು ಪುಟವನ್ನೂ ಮುಟ್ಟುವುದಿಲ್ಲ ಎಂದು ಹೊಸಪೇಟೆಯ ಟ್ರಸ್ಟಿನವರು ಹೇಳಿದ್ದರು. ನನಗೆ ತಾಳ್ಮೆ ಮೊದಲೇ ಕಡಿಮೆ. ಅನುವಾದ ಮುಗಿಸಿಟ್ಟುಕೊಂಡು, ಪ್ರಕಾಶಕರಿಗೆ ಮೇಲ್ ಮೇಲೆ ಮೇಲ್ ಕಳಿಸಿ ರೋಸಿಹೋಗಿದ್ದೆ. ಕೊನೆಗೆ, ಹಕ್ಕು ಲೇಖಕಿಯದೇ, ಅವರು ನಿಮ್ಮೊಡನೆ ಮಾತಾಡಬೇಕಂತೆ ಎಂಬ ಉತ್ತರ ಬಂತು.

ಒಂದು ಭಾನುವಾರ ಮಧ್ಯಾಹ್ನ ಅವರ ಫೋನ್ ಬಂತು. ಇಳಿವಯಸ್ಸಿನ ಮೆತ್ತನೆಯ ದನಿ. ತಮಗೂ ಹುಟ್ಟಿನಿಂದ ಕಣ್ಣಿಲ್ಲ ಎಂದರು. ಪುಸ್ತಕದಲ್ಲಿ ಎಲ್ಲಿಯೂ ಅದನ್ನು ಬರೆದಿರಲಿಲ್ಲ. ಕನ್ನಡದಲ್ಲಿ ಏನು ಹೆಸರಿಟ್ಟಿದ್ದೀರಿ ಎಂದು ಕೇಳಿದರು. 'ಕೈ ಹಿಡಿದು ಕಲಿಸಿ' ಎಂದು ಹೆಮ್ಮೆಯಿಂದ ಹೇಳಿ ಅರ್ಥ ಬಿಡಿಸಿದೆ. ನಮ್ಮಲ್ಲಿ ಅಕ್ಷರ ತಿದ್ದಿಸುವುದೂ ಕೈ ಹಿಡಿದೇ, ಮದುವೆಯಾಗುವುದೂ ಕೈ ಹಿಡಿದೇ. ಅದಕ್ಕಿಂತ ಒಳ್ಳೆಯ ಮಾತು ಇದೆಯೆಂದು ನನಗನಿಸಿರಲಿಲ್ಲ.



"ಹಿಡಿಯಬೇಡಿ ಎಂದು ಹೇಳಲಿಕ್ಕೇ ನಾನು ಇದನ್ನು ಬರೆದದ್ದು," ಎಂದರು ಅವರು. ಚಿಕ್ಕಂದಿನಲ್ಲಿ ಎಲ್ಲರೂ ಅವರ ಕೈ ಹಿಡಿದೆಳೆದು, ಇದು ನಾಯಿ, ಇದು ನೀರು ಎಂದು ಒತ್ತಿ ಮುಟ್ಟಿಸುತ್ತಿದ್ದರಂತೆ. "ನಮಗೆ ಕೈಯೇ ಕಣ್ಣು. ನಿಮ್ಮ ರೆಪ್ಪೆ ಎಳೆದು ನೋಡು ಅಂದರೆ ಹೇಗಿರುತ್ತದೆ? ತಾಯಿ ತನ್ನ ಕೈಯನ್ನು ಕೆಳಗಿಟ್ಟು ಕಾಯಬೇಕು. ಮಗು ತಾನಾಗಿ ಮೇಲೆ ಕೈಯಿಡಬೇಕು. ನನ್ನ ಪುಸ್ತಕಕ್ಕೆ ಇಷ್ಟು ದಿನ ಅನುಮತಿ ಕೇಳಿದಿರಲ್ಲ, ಮಗುವಿನ ಕೈಯನ್ನೂ ಹಾಗೆಯೇ ಕೇಳಿ."

ಇದನ್ನೆಲ್ಲ ಸಾಲುಸಾಲಾಗಿ ಅನುವಾದಿಸಿದವಳು ನಾನೇ. ಹೆಸರಿಡುವಾಗ ಮಾತ್ರ ನಾಲಿಗೆ ತನ್ನ ರೂಢಿಗೇ ಹೋಗಿತ್ತು. 'ಮಗುವಿನ ಕೈಕೆಳಗೆ' ಎಂದಿಡಲೇ ಎಂದು ಕೇಳಿದೆ. ನಮ್ಮಲ್ಲಿ ಇನ್ನೊಬ್ಬರ ಕೈಕೆಳಗೆ ಎಂದರೆ ಅವರ ಅಧೀನದಲ್ಲಿ ದುಡಿಯುವುದು ಎಂದೂ ಆಗುತ್ತದೆ ಎಂದೆ. ಅವರು ಜೋರಾಗಿ ನಕ್ಕು, ಹಾಗಾದರೆ ಅದೇ ಸರಿ, ಅಚ್ಚು ಹಾಕಿಸಿ ಎಂದರು.

ತಂಗಿಗೆ ಅಂದೇ ಫೋನ್ ಮಾಡಿ ಎಲ್ಲ ಹೇಳಿದೆ. ಪುಸ್ತಕ ಬಂದಾಗ ಮೊದಲ ಪ್ರತಿ ಹಿಡಿದು ಅವ್ವನ ಜೊತೆ ಎಮ್ಮಿಗನೂರಿಗೆ ಹೋದೆ. ತಂಗಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೂಸು ಪಕ್ಕದಲ್ಲಿ ಮುಷ್ಟಿ ಕಟ್ಟಿ ಕೂತಿತ್ತು.

"ದಿನಾ ಕೈ ಇಡ್ತೀನಕ್ಕ, ಕೂಸು ಮುಟ್ಟವಲ್ದು," ಎಂದಳು. ದನಿ ಸೋತಿತ್ತು. ಆದರೂ ಹಿಟ್ಟು ಮೆತ್ತಿದ ಅಂಗೈಯನ್ನು ಮಗಳ ಮುಂದೆ ಚಾಚಿ ಸುಮ್ಮನೆ ಕೂತಳು. ಹೆಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಯಾರೂ ಏಳಲಿಲ್ಲ. ಅವ್ವ ಗರ್ಭಗುಡಿಯ ಮುಂದೆ ಕೂತಾಗಿನಂತೆ ಕೈಮುಗಿದು, ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು.

ಒಂದು ಮುಷ್ಟಿ ಸಡಿಲಾಯಿತು. ಪುಟ್ಟ ಬೆರಳುಗಳು ಗಾಳಿಯಲ್ಲಿ ತುಸು ತಡವರಿಸಿ, ತಾಯಿಯ ಕೈಮೇಲೆ ಇಳಿದವು. ತಂಗಿ ಅವನ್ನು ಹಿಡಿಯಲಿಲ್ಲ. ಆ ಕೈಯನ್ನು ಹೊತ್ತ ತನ್ನ ಕೈಯನ್ನು ಮೆಲ್ಲಗೆ ಹಿಟ್ಟಿನ ಉಂಡೆಯ ಕಡೆಗೆ ಸರಿಸಿದಳು.

"ಹೂ ಬಿತ್ತು," ಎಂದಳು ಅವ್ವ, ಪಿಸುದನಿಯಲ್ಲಿ. "ಬಲಗಡೀದ ಬಿತ್ತು ನೋಡು."

ಕೂಸು ಇಟ್ಟದ್ದು ಬಲಗೈ.