ಚಪ್ಪಲಿ ಬಿಟ್ಟು ಹೋಗಿ ಎಂದವನು

ರೇಷ್ಮೆ ಹುಳ ಪೊರೆ ಕಳಚುವ ಕೊನೆಯ ಜ್ವರ ಬಿಟ್ಟು ಎದ್ದು ಸೊಪ್ಪಿಗೆ ಬಾಯಿ ಹಾಕಿದ ಮೇಲೆ ನಮ್ಮ ನಡುಮನೆ ನಮ್ಮದಲ್ಲ, ಅವುಗಳದ್ದು. ನಾವು ಅಡುಗೆಮನೆಯಲ್ಲಿ ಮಲಗುತ್ತೇವೆ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿನ ಟಬ್ ಇಟ್ಟಿರುತ್ತೇನೆ. ಯಾರೇ ಬಂದರೂ ಚಪ್ಪಲಿ ಹೊರಗೆ ಬಿಟ್ಟು, ಅದರಲ್ಲಿ ಕಾಲು ಅದ್ದಿಯೇ ಒಳಗೆ ಬರಬೇಕು. ಇಲ್ಲದಿದ್ದರೆ ಹುಳಕ್ಕೆ ರೋಗ ತಗುಲಿ ಬೆಳೆ ಪೂರ್ತಿ ಹೋಗುತ್ತದೆ. ಅಕ್ಕೂರಿನ ಸುತ್ತಮುತ್ತ ಈ ನಿಯಮ ಮೀರುವವರಿಲ್ಲ. ನಮ್ಮನ್ನು ಹೊಡೆಯಲು ಬಂದವರೂ ಮೀರಲಿಲ್ಲ.

ಯಜಮಾನರಿಗೂ ಅವರ ದೊಡ್ಡಪ್ಪನ ಮಗನಿಗೂ ಪಾಲಿನ ಬೋರ್‌ವೆಲ್ ನೀರಿನ ಜಗಳ. ಅದರೊಳಕ್ಕೆ ನನ್ನ ತಮ್ಮನನ್ನು ಎಳೆದದ್ದು ಯಜಮಾನರ ನಾಲಿಗೆ. ಒಂದು ಬೀಗರೂಟದಲ್ಲಿ ಎಲ್ಲರೆದುರು, ಇವನ ಗೂಡ್ಸ್ ಆಟೋ ಓಡುವುದಕ್ಕಿಂತ ತಳ್ಳಿಸಿಕೊಳ್ಳುವುದೇ ಹೆಚ್ಚು ಎಂದಿದ್ದರು. ದೊಡ್ಡಪ್ಪನ ಮಗ ಅದನ್ನು ನೆನಪಿಟ್ಟುಕೊಂಡು, ನಿನ್ನ ಭಾವನಿಗೆ ಒಸಿ ಬುದ್ಧಿ ಕಲಿಸೋಣ ಬಾ ಎಂದು ಕರೆದನಂತೆ. ಇವನು ಆಟೋ ಸಮೇತ ಹೊರಟ.

ಸಂಜೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದೆ. ಆಟೋ ನಿಂತ ಸದ್ದಾಯಿತು. ಹಿಂದೆಯೇ ತಮ್ಮನ ದನಿ:

"ಚಪ್ಪಲಿ ಬುಟ್ಟು ಹೋಗ್ರಲಾ, ಹುಳ ಎದ್ದವೆ. ಕಾಲು ಅದ್ಕಳಿ."

ನೆಂಟರು ಬಂದರೆಂದುಕೊಂಡು, ಕಾಫಿಗೆ ಹಾಲು ಇದೆಯೇ ಎಂದು ಯೋಚಿಸಿದೆ. ದೊಡ್ಡಪ್ಪನ ಮಗ ಇನ್ನಿಬ್ಬರ ಜೊತೆ ಒದ್ದೆ ಕಾಲಲ್ಲಿ ದೊಣ್ಣೆ ಹಿಡಿದು ಒಳಗೆ ಬಂದ. ಆಗಷ್ಟೇ ಹಿತ್ತಿಲಿನಿಂದ ಸೊಪ್ಪು ಹೊತ್ತು ಬಂದ ಯಜಮಾನರ ಮುಂಗೈ ಮೂಳೆ ಮೊದಲ ಏಟಿಗೇ ಮುರಿಯಿತು. ಎರಡನೆಯದು ಸ್ಟ್ಯಾಂಡಿಗೆ ತಗುಲಿ ಹುಳದ ತಟ್ಟೆ ಜಾರಿತು. ಹೊಡೆಯುತ್ತಿದ್ದವನೇ ದೊಣ್ಣೆಯನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ತಟ್ಟೆ ಹಿಡಿದು ನೆಟ್ಟಗೆ ಇಟ್ಟು, ಮತ್ತೆ ದೊಣ್ಣೆ ತೆಗೆದ. ಅಷ್ಟರಲ್ಲಿ ನನ್ನ ಕೂಗಿಗೆ ಬೀದಿಯೇ ಸೇರಿತ್ತು. ಓಡುವಾಗ ಒಬ್ಬನೂ ಚಪ್ಪಲಿ ಮೆಟ್ಟಿಕೊಳ್ಳಲಿಲ್ಲ. ಪೊಲೀಸರು ಅವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋದರು.

ಠಾಣೆಯಲ್ಲಿ ತಮ್ಮನದು ಒಂದೇ ಹಟವಂತೆ: ನಾನು ಹೊಸ್ತಿಲು ದಾಟಿಲ್ಲ, ಕೈ ಎತ್ತಿಲ್ಲ. ಅಕ್ಕನ ಮನೆ ಮೇಲೆ ತನಗೆಷ್ಟು ಕಾಳಜಿ ಎಂದು ತೋರಿಸಲು ಚಪ್ಪಲಿಯ ಮಾತನ್ನೂ ತಾನಾಗಿಯೇ ಹೇಳಿದ. ಇನ್‌ಸ್ಪೆಕ್ಟರು ತಲೆಯೆತ್ತಿ, "ಹಂಗಾದ್ರೆ ಅವ್ರು ದೊಣ್ಣೆ ಹಿಡ್ಕಂಡು ಒಳಕ್ಕೆ ಹೋಗೋದು ನಿಂಗೆ ಗೊತ್ತಿತ್ತು ಅನ್ನು" ಎಂದರಂತೆ. ಒಳಸಂಚಿನ ಕೇಸಿಗೆ ಅವನ ಹೆಸರೂ ಸೇರಿತು.

ಎಲ್ಲರೂ ಒಂದೇ ಮನಸ್ಸಿನಿಂದ ಹೋಗಿದ್ದರೆ ಹೊಡೆದವನಿಗೂ ಹೊರಗೆ ನಿಂತವನಿಗೂ ಒಂದೇ ಶಿಕ್ಷೆ ಎಂದು ಸರ್ಕಾರಿ ವಕೀಲರು ನನಗೆ ಬಿಡಿಸಿ ಹೇಳಿದರು. ಆದರೆ ಠಾಣೆಯಲ್ಲಿ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲವಂತೆ. ಚಪ್ಪಲಿಯ ಮಾತನ್ನು ಕಿವಿಯಾರೆ ಕೇಳಿದವಳು ನಾನೊಬ್ಬಳೇ.

ಜಾಮೀನಿನ ಮೇಲಿದ್ದ ತಮ್ಮ ಸಾಕ್ಷಿಯ ಮನೆಗೆ ಬರುವಂತಿರಲಿಲ್ಲ. ಹಾಗಾಗಿ ಕೆಂಗಲ್ ಆಂಜನೇಯನ ಗುಡಿಯಲ್ಲಿ ಕಾದಿದ್ದ.

"ಆ ಒಂದ್ ಮಾತು ಕೇಳಿಸ್ನಿಲ್ಲ ಅನ್ನಕ್ಕ."

"ದೇವ್ರ ಮುಂದೆ ನಿಂತ್ಕಂಡು ಇದಾ ನೀ ಕೇಳೋದು? ನಿಮ್ ಭಾವನ ಕೈಲಿ ಮುದ್ದೆ ಮುರಿಯಾಕೂ ಆಯ್ತಿಲ್ಲ ಕಣ್ಲಾ."

ಚನ್ನಪಟ್ಟಣದ ಕೋರ್ಟಿನಲ್ಲಿ ಕೇಳಿದ್ದನ್ನು ಕೇಳಿದಂತೆಯೇ ಹೇಳಿದೆ. ಅವನ ವಕೀಲರು ಎದ್ದು, ಅಷ್ಟು ಎಚ್ಚರಿಕೆ ಹೇಳಿದವನಿಗೆ ನಿಮ್ಮ ಮನೆಯ ಮೇಲೆ ಪ್ರೀತಿ ಇತ್ತಲ್ಲವೇ ಎಂದರು.

"ಹುಳದ ಮ್ಯಾಲಿತ್ತು ಸ್ವಾಮಿ. ನಮ್ಮ ಯಜಮಾನ್ರ ಮ್ಯಾಲೆ ಇರ್ನಿಲ್ಲ."

ನ್ಯಾಯಾಧೀಶರು ತಲೆ ತಗ್ಗಿಸಿ ಏನನ್ನೋ ಹುಡುಕತೊಡಗಿದರು. ತಮ್ಮ ನಗಲಿಲ್ಲ. ನಾನೂ ನಗಲಿಲ್ಲ.

ಎಲ್ಲರಿಗೂ ಒಂದೇ ಶಿಕ್ಷೆಯಾಯಿತು. ಬಸ್ಸಿನಲ್ಲಿ ಯಜಮಾನರು, "ಹೊಡ್ದೋನ್ಗೂ ಚಪ್ಪಲಿ ಬುಡಿಸ್ದೋನ್ಗೂ ಒಂದೇಯಾ?" ಎಂದು ಸರ್ಕಾರದ ಮೇಲೆಯೇ ಸಿಟ್ಟಾದರು. ಅವನ ಮೇಲ್ಮನವಿಗೆ ರಾಮನಗರದಲ್ಲಿ ವಕೀಲರನ್ನು ಹುಡುಕಿದ್ದೂ ಅವರೇ, ಸೊಟ್ಟಗೆ ಕೂಡಿಕೊಂಡ ಅದೇ ಕೈ ಬೀಸಿಕೊಂಡು.

ಮೇಲ್ಮನವಿ ಇನ್ನೂ ನಡೆಯುತ್ತಿದೆ. ಜಾಮೀನು ಸಿಕ್ಕಿದೆ. ಭಾವನೇ ಕರೆದದ್ದರಿಂದ ತಮ್ಮ ಈಗ ಮನೆಗೂ ಬರುತ್ತಾನೆ. ಮೊನ್ನೆ ಹುಳ ಎದ್ದಿದ್ದಾಗ ನೆಂಟರೊಬ್ಬರು ಮೆಟ್ಟು ಸಮೇತ ಹೊಸ್ತಿಲಿಗೆ ಬಂದರು. ಪಕ್ಕದಲ್ಲೇ ನಿಂತಿದ್ದ ತಮ್ಮ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡು ನನ್ನ ಕಡೆ ನೋಡಿದ.

"ಹೇಳಪ್ಪ, ಈಗ ಹೇಳ್ಬೋದು" ಎಂದೆ.

"ಬ್ಯಾಡ, ನೀನೇ ಹೇಳಕ್ಕ" ಎಂದ.