ಜೋಡಿಗಳು ಹೋದ ಮೇಲಿನ ಶಾಲೆ

೧೯೮೮ರಲ್ಲಿ ನಾನು ಶಾಲೆ ಬಿಟ್ಟೆ, ನಾಲ್ಕನೇ ತರಗತಿಗೆ. ದೇವದುರ್ಗ ತಾಲೂಕಿನ ನಮ್ಮ ದೊಡ್ಡಿಯಲ್ಲಿ, ಹೊಲಗಳ ನಡುವಿನ ಆ ಸಣ್ಣ ಊರಲ್ಲಿ, ಆಗ ಮೂವತ್ತು ಮನೆಗಳಿದ್ದವು. ಶಾಲೆ ಇದ್ದದ್ದು ಹಳ್ಳದ ಆಚೆ, ದೊಡ್ಡ ಊರಿನಲ್ಲಿ. ಆ ವರ್ಷ ಹಳ್ಳ ತುಂಬಿ ತಿಂಗಳುಗಟ್ಟಲೆ ದಾಟಲಾಗಲಿಲ್ಲ. ಅಪ್ಪ ಅವ್ವ ಭತ್ತದ ನಾಟಿಗೆಂದು ಮಾನ್ವಿ ಕಡೆಯ ಕ್ಯಾಂಪಿಗೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋದರು. ತಿರುಗಿ ಬಂದಾಗ ಹಾಜರಿಯಲ್ಲಿ ನನ್ನ ಹೆಸರಿರಲಿಲ್ಲ.

ಆ ಕ್ಯಾಂಪು, ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಊರು. ನಾನು ಮೊದಲ ಸಲ ನೋಡಿದಾಗ ತಗಡಿನ ಮನೆಗಳು. ಹತ್ತು ವರ್ಷ ಕಳೆಯುವುದರೊಳಗೆ ಡಾಂಬರು ರಸ್ತೆ, ಹೈಸ್ಕೂಲು, ಬಸ್ಸು ಎಲ್ಲ ಬಂದವು. ಅವರೂ ಬಂದವರೇ, ಆದರೆ ಬಂದು ಕುಳಿತರು. ಓಟಿಗೆ ನಿಂತವರು ಅವರ ಕಟ್ಟೆಗೆ ಹೋಗಿ, ಬಾರದ ತೆಲುಗಿನಲ್ಲಿ ಮಾತಾಡಿ ಬರುತ್ತಿದ್ದರು. ನಮ್ಮವರು ವರ್ಷದಲ್ಲಿ ಆರು ತಿಂಗಳು ಊರಲ್ಲಿಲ್ಲ. ಈ ಫರಕು ನನಗೆ ತಿಳಿಯುವಷ್ಟರಲ್ಲಿ ಕೂದಲು ಬೆಳ್ಳಗಾಗಿತ್ತು.

ರಾಯಚೂರಿನಲ್ಲಿ ಗೌಂಡಿ ಕೆಲಸ ಕಲಿತೆ. ನಾನು ಕಟ್ಟಿದ ಗೋಡೆಗೆ ದಾರ ಕಟ್ಟಿದ ಗುಂಡು ಇಳಿಬಿಟ್ಟು ನೋಡಿ, ಕೂದಲೆಳೆಯಷ್ಟೂ ಓರೆ ಸಿಗುವುದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಮುಂದೆ ನಮ್ಮ ದೊಡ್ಡಿಗೇ ಒಂದು ಶಾಲೆ ಮಂಜೂರಾದಾಗ ಆ ಕೋಣೆ ಕಟ್ಟಿದವನು ನಾನೇ. ಕಪ್ಪು ಹಲಗೆಯ ಜಾಗಕ್ಕೆ ಎರಡು ಸಲ ಗಿಲಾವು ಮಾಡಿ ತೀಡಿದೆ, ಸೀಮೆಸುಣ್ಣ ಸಲೀಸಾಗಿ ಓಡಲಿ ಎಂದು.

ಆಮೇಲೆ ಮೇಸ್ತ್ರಿಯಾದೆ, ಜನರನ್ನು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿ. ಪಕ್ಕದ ದೊಡ್ಡಿಯ ಮೇಸ್ತ್ರಿ ಗಂಡಾಳುಗಳನ್ನಷ್ಟೇ ಒಯ್ಯುತ್ತಿದ್ದ. ಗಂಡ ಅಲ್ಲಿ, ಹೆಂಡತಿ ಇಲ್ಲಿ, ಅದೂ ಒಂದು ಸಂಸಾರವೇ? ನಾನು ಜೋಡಿಗಳನ್ನೇ ಒಯ್ದೆ. ಗಂಡ ಹೆಂಡತಿ ಕೂಡಿ ಒಂದು ಜೋಡಿ, ಜೋಡಿಗೊಂದು ತಗಡಿನ ಶೆಡ್ಡು. ಯಾರ ಮನೆಯನ್ನೂ ಎರಡು ಮಾಡಲಿಲ್ಲ ಎಂದು ಎದೆಯುಬ್ಬಿಸಿ ಓಡಾಡಿದೆ. ತಾಯಿ ಹೋದ ಮೇಲೆ ಮಕ್ಕಳು ಹಿಂದೆ ಉಳಿಯುತ್ತವೆಯೇ? ಅದನ್ನು ಮಾತ್ರ ಯೋಚಿಸಲಿಲ್ಲ.

ಮೊಣಕಾಲು ಕೆಟ್ಟು ನಾನು ದೊಡ್ಡಿಗೆ ಮರಳಿದೆ, ಜೋಡಿಗಳು ಅಲ್ಲೇ ಉಳಿದವು. ಒಂದು ದಿನ ಟೀಚರಮ್ಮ ನನ್ನನ್ನು ಶಾಲೆಗೆ ಕರೆಸಿದರು.

"ಮೇಸ್ತ್ರಿ, ಹಾಜರಿ ಬುಕ್ಕಿನಾಗ ಮೂವತ್ತೆರಡು ಮಕ್ಕಳ ಅದಾರ. ಇಲ್ಲಿ ಕುಂತೋರನ್ನ ಎಣಿಸಿ ನೋಡ್ರಿ, ನಾಲ್ಕ ಮಂದಿ. ಬರೋ ತಿಂಗಳ ಸಾಹೇಬರು ಬಂದು ತಲಿ ಎಣಸ್ತಾರ. ಹಿಂಗ ಇದ್ರ ಈ ಸಾಲಿ ಮುಚ್ಚಿ ಹಳ್ಳದಾಚಿ ಸಾಲಿಗೆ ಸೇರಿಸಿಬಿಡ್ತಾರ."

ಅದೇ ಹಳ್ಳ.

ಆ ಹೊತ್ತಿಗೇ ಪಂಚಾಯತಿ ಓಟು ಬಂತು. ಓಟಿಗೆ ನಿಂತವನೊಬ್ಬ ನಮ್ಮ ಮನೆ ಕಟ್ಟೆಗೇ ಬಂದು ಕುಳಿತ.

"ಮಾಮಾ, ಬೆಂಗಳೂರಾಗಿನ ನಿಮ್ಮ ಮಂದೀನ ಕರಸ್ರಿ. ಗಾಡಿ ನಂದು, ಊಟಾ ನಂದು."

"ಕರಸ್ತೀನಿ. ಆದ್ರ ಮಕ್ಕಳನ್ನೂ ತರಬೇಕು. ಅವು ಇಲ್ಲೇ ಉಳೀಬೇಕು, ಸಾಲಿಗೆ."

"ಆಯ್ತ್ ಬಿಡ್ರಿ, ಅದೇನ್ ದೊಡ್ಡ ಮಾತು" ಎಂದು ನನ್ನ ಕೈಮೇಲೆ ಕೈ ಹಾಕಿದ.

ಹದಿನಾರು ಜೋಡಿಗೆ ನಾನೇ ಫೋನ್ ಮಾಡಿದೆ. ಬರುವ ಮಕ್ಕಳಿಗೆಲ್ಲ ರೊಟ್ಟಿ ಬಡಿದು ಹಾಕುವುದು ತನ್ನ ಪಾಲು ಎಂದಳು ನನ್ನ ಹೆಂಡತಿ.

ಓಟಿನ ದಿನ ಬೆಳಗ್ಗೆ ಗಾಡಿಗಳು ಬಂದು ಶಾಲೆಯ ಮುಂದೆ ನಿಂತವು. ಇಳಿದವರೆಲ್ಲ ದೊಡ್ಡವರೇ. ಸಂಬಂಧದಲ್ಲಿ ನನಗೆ ತಂಗಿಯಾಗಬೇಕಾದ ಒಬ್ಬಳನ್ನು ತಡೆದು ಕೇಳಿದೆ.

"ಹುಡ್ರು ಎಲ್ಲಿ ಅದಾರವಾ?"

"ಶೆಡ್ಡಿನಾಗ ಒಬ್ಬಾಕಿ ಮುದುಕಿ ಕಡಿ ಬಿಟ್ಟು ಬಂದೀವಿ ಯಣ್ಣಾ. ಓಟಿದ್ದೋರಿಗಷ್ಟ ಸೀಟಂತ."

ಓಟಿಗೆ ನಿಂತವನ ಕಡೆಯವನೊಬ್ಬ ಪಟ್ಟಿ ಹಿಡಿದು ಇಳಿದವರ ತಲೆ ಎಣಿಸುತ್ತಿದ್ದ. ಪಟ್ಟಿಯಿಂದ ಕಣ್ಣೆತ್ತದೆಯೇ ಅಂದ, "ಏನ್ ಮೇಸ್ತ್ರಿ, ಹುಡ್ರ ಬೆರಳಿಗೆ ಶಾಯಿ ಹಚ್ತಾರೇನ್ರಿ?"

ಎಲ್ಲರೂ ನಕ್ಕರು. ತಡೆಯುವುದರೊಳಗೆ ನನಗೂ ನಗು ಬಂದುಬಿಟ್ಟಿತು.

ತಂಗಿಗೆ ಕೈಮುಗಿದೆ. "ನೀನಾದ್ರೂ ಇಲ್ಲೇ ಇರವಾ. ನಿನ್ನ ಗಂಡ ಹೋಗಿ ಮಕ್ಕಳನ್ನ ಕಳಸಲಿ. ನಿನ್ನ ನೋಡಿ ಮತ್ತ ನಾಲ್ಕ ಮಂದಿ ಉಳೀತಾರ."

"ಜೋಡಿ ಇದ್ರಷ್ಟ ಶೆಡ್ಡು ಅಂತ ಅಲ್ಲಿ ಮಾತಾಡಿ ಬಂದಾವ ಯಾರು? ನೀನ ಅಲ್ಲೇನು? ನಾ ಇಲ್ಲಿ ಉಳದ್ರ ನನ್ನ ಗಂಡನ್ನ ಶೆಡ್ಡಿನಿಂದ ಹೊರಗ ಹಾಕ್ತಾರ ಯಣ್ಣಾ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಓಟು ಹಾಕಿದರು, ಉಂಡರು, ಹೊತ್ತು ಇಳಿಯುವ ಮೊದಲೇ ಗಾಡಿ ಹತ್ತಿದರು. ಗೆದ್ದವನು ಗಾಡಿ ಕಳಿಸಿದವನೇ. ಆಮೇಲೆ ದೊಡ್ಡಿಗೆ ಕಾಲಿಟ್ಟಿಲ್ಲ. ಯಾರನ್ನು ನೋಡಲು ಬರಬೇಕು?

ಮುಂದಿನ ತಿಂಗಳು ಸಾಹೇಬರು ಬಂದು ಎಣಿಸಿದರು, ನಾಲ್ಕೇ. ಶಾಲೆಗೆ ಬೀಗ ಬಿತ್ತು. ಆ ನಾಲ್ವರಲ್ಲಿ ಇಬ್ಬರು ಮೊದಲ ಮಳೆಗೇ ಹಳ್ಳ ದಾಟುವುದನ್ನು ಬಿಟ್ಟರು. ಪಕ್ಕದ ದೊಡ್ಡಿಯಲ್ಲಿ ತಾಯಂದಿರು ಊರಲ್ಲೇ ಉಳಿದಿದ್ದರು, ಅಲ್ಲಿಯ ಶಾಲೆ ಇಂದಿಗೂ ನಡೆಯುತ್ತಿದೆ. ಆ ಮೇಸ್ತ್ರಿ ಎದುರಾದರೆ ನಾನು ದಾರಿ ಬದಲಿಸುತ್ತೇನೆ.

ನಮ್ಮ ಕೋಣೆಯ ಬೀಗ ತೆಗೆಯುವುದು ಈಗ ಓಟಿದ್ದಾಗ ಮಾತ್ರ. ನಾನು ತೀಡಿದ ಹಲಗೆಯ ಮೇಲೆ ಮತಗಟ್ಟೆಯ ಚೀಟಿ ಅಂಟಿಸಿದ್ದಾರೆ. ಎದುರು ಮನೆಯವನೆಂದು ಬೀಗದ ಕೈ ನನಗೇ ಕೊಟ್ಟಿದ್ದಾರೆ.

ಈಗ ನನ್ನಲ್ಲಿರುವುದು ಎರಡು ಕೋಣೆಯ ಮನೆ, ಗಾರೆ ಮೆತ್ತುವ ಒಂದು ಕರಣಿ, ಒಂದು ಗುಂಡು, ಆ ಬೀಗದ ಕೈ ಒಂದು. ದೊಡ್ಡಿಯಲ್ಲಿ ಬಾಗಿಲು ತೆರೆದಿರುವ ಮನೆಗಳು ಏಳು, ನನ್ನದೂ ಸೇರಿ.