ಎತ್ತಿನ ಕೊರಳ ಅಳತೆಯ ದಾರ

ನನ್ನ ಡೈರಿಯ ಒಂದು ಪುಟದಲ್ಲಿ ಮಡಚಿ ಟೇಪು ಹಚ್ಚಿದ ದಾರವಿದೆ. ಅದಕ್ಕೆ ಎರಡು ಗಂಟು. ನೆನಪಿನಲ್ಲಿ ಆ ದಾರ ಕೆಂಪು, ಡೈರಿಯಲ್ಲಿರುವುದು ಗೊಬ್ಬರದ ಚೀಲ ಹೊಲಿಯುವ ಬಿಳಿ ದಾರ. ಆದ್ದರಿಂದ ಇದನ್ನು ನೆನಪಿಗೆ ಬಿಡದೆ ಡೈರಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಸಿಂಧನೂರಿನ ಮನೆಯಲ್ಲಿ ಕೂತು ಆನ್‌ಲೈನ್ ಅಂಗಡಿಗಳಿಗೆ ಸರಕಿನ ವಿವರ ಬರೆಯುವುದು ನನ್ನ ಕೆಲಸ. ಬೆಡ್‌ಶೀಟು, ಮಿಕ್ಸರು, ನೀರಿನ ಬಾಟಲಿ, ಏನಿದ್ದರೂ ಸರಿ. ಜನ ಫೋನಿನಲ್ಲಿ ಯಾವ ಪದ ಹಾಕಿ ಹುಡುಕುತ್ತಾರೆಂದು ನೋಡಿ, ಆ ಪದಗಳು ಬರುವಂತೆ ಬರೆದರೆ ಆ ಸರಕು ಮೊದಲು ಕಾಣುತ್ತದೆ. ಎಂ.ಎ. ಮಾಡಿ ಇದೇನು ಕೆಲಸ ಎಂದು ಕೇಳುವವರಿಗೆ ಉತ್ತರ ಕೊಡಲು ನನಗೊಂದು ದೊಡ್ಡ ಗೆಲುವು ಬೇಕಿತ್ತು. ಅದಕ್ಕೇ ಲಿಂಗಸುಗೂರಿನ ಸೋದರಮಾವನಿಗೆ, ನಿನ್ನ ಸರಕನ್ನು ಆನ್‌ಲೈನಿನಲ್ಲಿ ಮಾರಿಸುತ್ತೇನೆಂದು ಮಾತು ಕೊಟ್ಟೆ. ಮಾವನದು ಹಗ್ಗ, ಮೂಗುದಾರ, ಗೆಜ್ಜೆಸರ ಮಾರುವ ಅಂಗಡಿ. ನಾನು ಬರೆಯುತ್ತಿದ್ದ ಆನ್‌ಲೈನ್ ಅಂಗಡಿಯೊಂದರಲ್ಲಿ ಅವನ ಗೆಜ್ಜೆಸರಗಳನ್ನು ಇಡಿಸಿದೆ. ನನ್ನ ಮಾತು ನಂಬಿ ಮಸ್ಕಿಯ ದೊಡ್ಡವ್ವ ಪಟ್ಟಿಗಳಿಗೆ ಗೆಜ್ಜೆ ಹಾಕಿ ನಲವತ್ತು ಜೋಡಿ ಪೋಣಿಸಿದಳು. ಆಕೆ ನಮಗೆ ಸಂಬಂಧಿಯಲ್ಲ. ಮಾವನ ಅಂಗಡಿಗೆ ಮೊದಲಿಂದಲೂ ಗೆಜ್ಜೆ ಪೋಣಿಸಿ ಕೊಡುವವಳು, ಎಲ್ಲರಿಗೂ ದೊಡ್ಡವ್ವ. ಎತ್ತುಗಳನ್ನು ಸಿಂಗರಿಸುವ ಕಾರಹುಣ್ಣಿಮೆಗೆ ಐದು ವಾರವಿತ್ತು. ಅದು ದಾಟಿದರೆ ಆ ಗೆಜ್ಜೆಗಳನ್ನು ಒಂದು ವರ್ಷ ಯಾರೂ ಕೇಳುವುದಿಲ್ಲ.

ನಾನು ಮೊದಲು ಬರೆದ ಪುಟ ಓದಿದರೆ ಈಗಲೂ ಮುಖ ಬಿಸಿಯಾಗುತ್ತದೆ. ‘ಮನೆ ಅಲಂಕಾರ’, ‘ಬಾಗಿಲ ಗಂಟೆ’, ‘ಉಡುಗೊರೆ’. ಹೆಚ್ಚು ಜನ ಹುಡುಕುವ ಪದಗಳನ್ನೆಲ್ಲ ತುರುಕಿದ್ದೆ. ಪುಟ ಮೊದಲ ಸಾಲಿನಲ್ಲಿ ಬಂತು. ಎರಡು ಜೋಡಿ ಹೋದವು, ಎರಡೂ ಹಿಂದೆ ಬಂದವು. ಒಬ್ಬರಿಗೆ ಬಾಗಿಲಿಗೆ ಭಾರವಾಯಿತಂತೆ. ಇನ್ನೊಬ್ಬರಿಗೆ ಒಂದೇ ಸಾಕಿತ್ತಂತೆ, ಎರಡೇಕೆ ಕಳಿಸಿದಿರಿ ಎಂದು ಸಿಟ್ಟು. ಸಮಾಧಾನ ಹೇಳಲು ಲಿಂಗಸುಗೂರಿಗೆ, ಮಾವನ ಅಂಗಡಿಗೆ ಹೋದೆ.

“ಆದ್ರೂ ಫಸ್ಟ್ ಬಂದೈತಿ ಮಾವಾ, ಹುಡುಕಿದ್ರ ಮೊದಲ ನಮ್ದ ಕಾಣ್ತೈತಿ.”

“ಹೌದ ಬೇ, ಫಸ್ಟ್ ಬಂದೈತಿ, ಫಸ್ಟ್ ವಾಪಸ್ಸೂ ಬಂದೈತಿ. ಎತ್ತಿನ ಕೊಳ್ಳಾಗಿಂದು ಬಿಚ್ಚಿ ಬಾಗಲಕ್ಕ ಕಟ್ಟೀದಿ. ಎಂ.ಎ.ದಾಗ ಇದನ್ನ ಕಲಿಸ್ಯಾರೇನು?”

ಮುಂದಿನದನ್ನು ಬಹಳ ದಿನ ಎಲ್ಲರಿಗೂ ಹೀಗೆ ಹೇಳುತ್ತಿದ್ದೆ: ಮಾವನ ಅಂಗಡಿಯಲ್ಲಿ ಎರಡು ದಿನ ಕೂತು ಗಿರಾಕಿಗಳ ಮಾತು ಕೇಳಬೇಕೆಂದು ನನಗೇ ಹೊಳೆಯಿತು. ಡೈರಿ ಹಾಗೆ ಹೇಳುವುದಿಲ್ಲ. ಆ ದಿನ ಸಿಂಧನೂರಿಗೆ ಮರಳುವಾಗ ಮಸ್ಕಿಯಲ್ಲಿ ಬಸ್ಸಿಳಿದು ದೊಡ್ಡವ್ವನ ಮನೆಗೆ ಹೋಗಿದ್ದೆ. ಗೆಜ್ಜೆಸರಗಳು ತುಂಬಿದ ಚೀಲ ಅವಳ ಪಡಸಾಲೆಯಲ್ಲೇ ಇತ್ತು.

“ನೀ ಬರದದ್ದು ಓದಾವ್ರ ಮನ್ಯಾಗ ಎತ್ತು ಅದಾವೇನು?” ಎಂದು ಕೇಳಿದಳು.

“ಪಟ್ಟಣದವರು ದೊಡ್ಡವ್ವ, ಎತ್ತು ಎಲ್ಲಿಂದ ಬರ್ತಾವ?”

“ಮತ್ತ ಎತ್ತು ಇದ್ದಾವ್ರು ಏನ್ ಕೇಳ್ತಾರ, ಗೊತ್ತೈತೇನು ನಿನಗ? ನಿಮ್ಮ ಮಾವನ ಅಂಗಡ್ಯಾಗ ಎರಡ ದಿನ ಕುಂದ್ರು. ಬಾಯಿ ಮುಚ್ಕೊಂಡು ಕುಂದ್ರು.”

ಕೂತೆ. ಮೊದಲ ದಿನದ ಡೈರಿಯಲ್ಲಿ ‘ವಿಪರೀತ ಸೆಖೆ’ ಎಂದಷ್ಟೇ ಇದೆ. ಎರಡನೆಯ ದಿನ ಮುದಗಲ್ ಕಡೆಯ ರೈತನೊಬ್ಬ ಬಂದು ಜೇಬಿನಿಂದ ದಾರ ತೆಗೆದು ಮಾವನ ಮುಂದೆ ಹಾಸಿದ.

“ನೋಡ್ರಿ ಸಾವ್ಕಾರ್ರ, ಈ ಗಂಟು ಎಡಗಡಿ ಎತ್ತಿಂದು, ಈ ಗಂಟು ಬಲಗಡಿದ್ದು. ನಾಕ ಬೆರಳು ಸಡ್ಲ ಬಿಟ್ಟೀನಿ.”

ಎತ್ತನ್ನು ಅಂಗಡಿಗೆ ಹೊಡೆದುಕೊಂಡು ಬರಲಾಗದು. ಅದಕ್ಕೆ ಅದರ ಕೊರಳಿಗೆ ದಾರ ಸುತ್ತಿ ಗಂಟು ಹಾಕಿ ತರುತ್ತಾರೆ. ಎರಡು ಎತ್ತಿನ ಕೊರಳು ಒಂದೇ ಅಳತೆ ಇರುವುದಿಲ್ಲ, ಹಾಗಾಗಿ ಎರಡು ಗಂಟು. ಚಿಕ್ಕಂದಿನಿಂದ ಆ ಅಂಗಡಿಯಲ್ಲಿ ಆಡಿದವಳು ನಾನು, ಇಂಥ ದಾರ ಎಷ್ಟು ನೋಡಿರಬೇಕು! ನನ್ನ ಪುಟದಲ್ಲಿ ಸರದ ಉದ್ದವಿತ್ತು, ತೂಕವಿತ್ತು, ಹೊಳಪಿನ ಬಗ್ಗೆ ಒಂದು ಪ್ಯಾರಾ ಇತ್ತು. ಕೊರಳೇ ಇರಲಿಲ್ಲ.

ಅಷ್ಟರಲ್ಲಿ ಆತ ಫೋನು ತೆಗೆದ. “ಬಸ್ಸಿನ ಖರ್ಚು ಉಳೀತದ ಅಂತ ಮೊದಲ ಇದಕ್ಕ ಕೇಳೀನ್ರಿ. ‘ಎತ್ತಿನ ಕೊಳ್ಳಾಗಿನ ಗೆಜ್ಜಿಸರ ಎಲ್ಲಿ ಸಿಗ್ತಾವ’ ಅಂದೆ. ಬಾಗಲಕ್ಕ ಕಟ್ಟೂ ಗಂಟಿ ತೋರಸ್ತು. ಯಾವ ಶಾಣ್ಯಾ ಬರದಾನೋ ಏನೋ! ನಾ ಏನು ಎತ್ತ ಒಯ್ದು ಬಾಗಲಕ್ಕ ಕಟ್ಟಲೇನು?”

ಪರದೆಯ ಮೇಲಿದ್ದದ್ದು ನನ್ನ ಪುಟ. ಮಾವ ಫೋನನ್ನು ನೋಡಿದ, ನನ್ನನ್ನು ನೋಡಿದ.

“ಶಾಣ್ಯಾ ಅಲ್ಲೋ, ಶಾಣ್ಯಾಕಿ. ಇಲ್ಲೇ ಕುಂತಾಳ ನೋಡು.”

ಆ ರೈತ ನಾಚಿದ, ನಾನು ಇನ್ನೂ ಹೆಚ್ಚು ನಾಚಿದೆ. ಆಮೇಲೆ ಅವನ ದಾರ ಇಸಿದುಕೊಂಡು, ಅಂಗಡಿಯಲ್ಲಿದ್ದ ಬಿಳಿ ದಾರಕ್ಕೆ ಅದೇ ಅಳತೆಯಲ್ಲಿ ಗಂಟು ಹಾಕಿದೆ. ಅವನದು ಕೆಂಪಗಿತ್ತೋ ಏನೋ. ಅದನ್ನು ಬರೆದಿಟ್ಟಿಲ್ಲ.

ಅವತ್ತು ಸಂಜೆಯೇ ಪುಟವನ್ನು ಬುಡದಿಂದ ತಿದ್ದಿದೆ. ಅಲಂಕಾರ, ಉಡುಗೊರೆ ಎಲ್ಲ ಹೋದವು. ‘ಎತ್ತಿನ ಕೊರಳ ಗೆಜ್ಜೆಸರ, ಜೋಡಿ, ಕಾರಹುಣ್ಣಿಮೆಗೆ’ ಎಂದು ತಲೆಬರಹ ಕೊಟ್ಟೆ. ಕೆಳಗೆ ಆ ಎರಡು ದಿನ ಗಿರಾಕಿಗಳು ಕೇಳಿದ ಪ್ರಶ್ನೆಗಳನ್ನೇ ಅವರ ಬಾಯಿಂದ ಬಂದ ಹಾಗೆ ಇಟ್ಟು ಉತ್ತರ ಬರೆದೆ: ಮಳ್ಯಾಗ ತೊಯ್ದ್ರ ಪಟ್ಟಿ ಕೊಳೀತದೇನು? ಸಣ್ಣ ಹೋರಿಗೆ ಆಗ್ತದೇನು? ಎಲ್ಲಕ್ಕಿಂತ ಮೇಲೆ ಅಳತೆಯ ಮಾತು. ಕೊರಳಿಗೆ ದಾರ ಸುತ್ತಿ, ನಾಲ್ಕು ಬೆರಳು ಸಡಿಲ ಬಿಟ್ಟು ಗಂಟು ಹಾಕಿ, ಅಳತೆಯ ಟೇಪಿನ ಪಕ್ಕದಲ್ಲಿಟ್ಟು ಫೋಟೊ ಕಳಿಸಿ. ಆ ಅಳತೆಗೆ ಪಟ್ಟಿ ಸರಿಮಾಡಿ ಕೊಡುತ್ತೇವೆ.

ಆನ್‌ಲೈನ್ ಅಂಗಡಿಯ ಸಂಪಾದಕರು ಫೋನು ಮಾಡಿ, ಇಷ್ಟು ಜನ ಹುಡುಕುವ ಪದಗಳನ್ನು ತೆಗೆದರೆ ಪುಟ ನೋಡುವವರೇ ಇರುವುದಿಲ್ಲ ಎಂದರು. ‘ನೋಡುವವರು ಕಡಿಮೆಯಾಗಲಿ, ಕೊಳ್ಳುವವರು ಬರುತ್ತಾರೆ’ ಎಂದು ದಿಟ್ಟವಾಗಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಡೈರಿಯಲ್ಲಿರುವುದು: ‘ಒಂದು ವಾರ ಕೊಡಿ ಸರ್ ಅಂತ ಬೇಡಿಕೊಂಡೆ.’

ನಾಲ್ಕನೆಯ ದಿನ ಮೊದಲ ಫೋಟೊ ಬಂತು, ಸೆಣಬಿನ ಹುರಿ. ಆಮೇಲೆ ಸೀರೆಯ ಅಂಚು, ಲಾಡಿ. ಒಬ್ಬ ಮಹಾಶಯ ಚಾರ್ಜರಿನ ವೈರನ್ನೇ ಎತ್ತಿನ ಕೊರಳಿಗೆ ಸುತ್ತಿ ಅಳೆದಿದ್ದ. ಹೆಸರೂ ಕೇಳದ ಊರುಗಳಿಂದ ಕೊರಳ ಅಳತೆಗಳು ಬರತೊಡಗಿದವು. ಸಿಂಧನೂರಿನಲ್ಲಿ ಕೂತು ನಾನು ಓದುತ್ತಿದ್ದೆ, ಮಸ್ಕಿಯಲ್ಲಿ ದೊಡ್ಡವ್ವ ಪಟ್ಟಿ ಕತ್ತರಿಸುತ್ತಿದ್ದಳು, ಲಿಂಗಸುಗೂರಿನಿಂದ ಮಾವ ಪಾರ್ಸಲ್ ಕಳಿಸುತ್ತಿದ್ದ. ಕಾರಹುಣ್ಣಿಮೆಗೆ ಇನ್ನೂ ಒಂಬತ್ತು ದಿನವಿರುವಾಗ ಮಾವ ವಿಡಿಯೊ ಕಾಲ್ ಮಾಡಿ, ಮಸ್ಕಿಯಿಂದ ಬಂದಿದ್ದ ಚೀಲ ಖಾಲಿಯಾದದ್ದನ್ನು ತಲೆಕೆಳಗು ಮಾಡಿ ಝಾಡಿಸಿದ. ನಲವತ್ತೂ ಜೋಡಿ ಹೋಗಿದ್ದವು. ಒಂದೂ ಹಿಂದೆ ಬರಲಿಲ್ಲ.

“ಎಂ.ಎ. ಪಾಸಾದಿ ನೋಡ್ಲೇ ಈಗ!” ಎಂದ. ಇದು ಡೈರಿಯಲ್ಲಿದೆ, ಅಡಿಗೆರೆ ಹಾಕಿದ್ದೇನೆ.

ಹುಣ್ಣಿಮೆಯ ದಿನ ಗಿರಾಕಿಯೊಬ್ಬ ಎತ್ತುಗಳು ಓಡುವ ವಿಡಿಯೊ ಕಳಿಸಿದ. ಮಸ್ಕಿಗೆ ಹೋಗಿ ದೊಡ್ಡವ್ವನಿಗೆ ತೋರಿಸಿದೆ. ಅವಳು ನೋಡಲಿಲ್ಲ. ಫೋನನ್ನು ಕಿವಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿದಳು.

“ಎರಡ್ರಾಗ ಒಂದು ಬಿಗಿ ಆಗೇತಿ, ಗೆಜ್ಜಿ ಬಿಚ್ಚಿ ನುಡಿವಲ್ದು. ನಾಕ ಬೆರಳು ಬಿಟ್ಟಿಲ್ಲ ಆ ಪುಣ್ಯಾತ್ಮ. ‘ಬಿಗಿ ಕಟ್ಟಿದ್ರ ದನಿ ಸಾಯ್ತದ’ ಅಂತ ಹಾಕಬೇಕಿಲ್ಲ? ಬರಿ, ಅದನ್ನೂ ಬರಿ.”

ಅಲ್ಲೇ ಅವಳ ಪಡಸಾಲೆಯಲ್ಲಿ ಕೂತು ಬರೆದೆ. ಪುಟದಲ್ಲಿ ಆ ಸಾಲು ಇವತ್ತಿಗೂ ಅವಳು ಹೇಳಿದಂತೆಯೇ ಇದೆ. ಮುಂದಿನ ಕಾರಹುಣ್ಣಿಮೆಗೆ ಅವಳು ಪೋಣಿಸುತ್ತಿರುವುದು ಎಪ್ಪತ್ತು ಜೋಡಿ, ಈ ಸಲ ಅವಳದೇ ಮಾತಿನ ಮೇಲೆ.